ಹಿಂದಿನ ಸಾಲಿನಿಂದ ಕೋಚ್ ಹುದ್ದೆಗೆ: ಬೆಂಗಳೂರು ಫುಟ್‌ಬಾಲಿನ ಒಂದು ಕಸುಬಿನ ಚರಿತ್ರೆ

ಫುಟ್‌ಬಾಲ್ ತಂಡದ ಹಿಂದಿನ ಸಾಲಿನಲ್ಲಿ ನಿಂತು ತನ್ನ ಗೋಲನ್ನು ಕಾಯುವವನನ್ನು ಕನ್ನಡ ಪತ್ರಿಕೆಗಳು ರಕ್ಷಣಾ ಆಟಗಾರ ಎಂದು ಬರೆದರೆ, ಬೆಂಗಳೂರಿನ ಮೈದಾನಗಳಲ್ಲಿ ಅವನು ಬಹುಕಾಲದಿಂದ ಬ್ಯಾಕ್ ಎಂದೇ ಹೆಸರಾದವನು. ಗೋಲು ಹೊಡೆಯುವ ಮುಂಪಡೆಯವನಿಗೆ ಸಲ್ಲುವ ಹಾರತುರಾಯಿ ಇವನಿಗೆ ಸಲ್ಲುವುದು ಅಪರೂಪವಾದರೂ, ಆಟ ಬಿಟ್ಟ ಮೇಲೆ ತಂಡ ಕಟ್ಟುವ ಮತ್ತು ಹುಡುಗರನ್ನು ತಿದ್ದುವ ಕೆಲಸದಲ್ಲಿ ಹೆಸರು ಮಾಡಿದವರಲ್ಲಿ ಇಂಥ ಬ್ಯಾಕ್‌ಗಳು ಅನೇಕರಿದ್ದಾರೆ. ಜರ್ಮನಿಯ ಫ್ರಾಂಜ್ ಬೆಕೆನ್‌ಬಾವರ್ ಮತ್ತು ಬರ್ಟಿ ಫೋಗ್ಟ್ಸ್ ಇದಕ್ಕೆ ಲೋಕಪ್ರಸಿದ್ಧ ನಿದರ್ಶನಗಳಾದರೆ, ಕರ್ನಾಟಕದ ಮಟ್ಟಿಗೆ 2013ರಿಂದೀಚೆಗೆ ಬೆಂಗಳೂರಿಗೆ ಬಂದು ಕೆಲಸ ಮಾಡಿದ ಆಶ್ಲಿ ವೆಸ್ಟ್‌ವುಡ್, ಕಾರ್ಲೆಸ್ ಕ್ವಾದ್ರಾತ್, ನೌಶಾದ್ ಮೂಸಾ ಮೊದಲಾದವರು ಅದೇ ಹಾದಿಯವರು. ಬೆಂಗಳೂರು ಭಾರತಕ್ಕೆ ಕೊಟ್ಟ ಆಟಗಾರರ ಕೀರ್ತಿ ಅಷ್ಟಿಷ್ಟು ದಾಖಲಾಗಿದೆ. ಆದರೆ ಅವರನ್ನು ರೂಪಿಸಬೇಕಾಗಿದ್ದ ಕೋಚ್ ಎಂಬ ಕಸುಬು ಅದೇ ಊರಿನಲ್ಲಿ ಬೇರೂರಲು ಮುಕ್ಕಾಲು ಶತಮಾನ ತಡವಾದುದು ಹೇಗೆ ಎಂಬುದು ಹೆಚ್ಚು ವಿಚಾರಕ್ಕೆ ಒಳಗಾಗಿಲ್ಲ.

ಈ ಚರಿತ್ರೆಯನ್ನು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಿಂದ, ಎಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ನೋಡಿದಾಗ ಮೊದಲಿಗೆ ಎದುರಾಗುವುದು ನೆಲದ ಪ್ರಶ್ನೆ. ಅಂತರರಾಷ್ಟ್ರೀಯ ಅಳತೆಯ ಫುಟ್‌ಬಾಲ್ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲವಿರುತ್ತದೆ. ಅದು ಸುಮಾರು ಒಂದೂಮುಕ್ಕಾಲು ಎಕರೆ, 30 ಅಡಿಗೊಂದರಂತೆ ನೆಟ್ಟರೆ 80ಕ್ಕೂ ಹೆಚ್ಚು ತೆಂಗಿನ ಮರ ಹಿಡಿಸುವ ಜಾಗ. ಕೊಬ್ಬರಿಯ ಧಾರಣೆಯನ್ನೇ ನಂಬಿ ಬದುಕುವ ದಂಡಿನಶಿವರದಂಥ ಹೋಬಳಿಯಲ್ಲಿ ಅಷ್ಟು ನೆಲವನ್ನು ಆಟಕ್ಕೆಂದು ಬಿಡುವುದು ಸುಲಭದ ಮಾತಲ್ಲ. ಕಬಡ್ಡಿಯ ಅಂಕಣಕ್ಕಾದರೆ 13 ಮೀಟರ್ ಉದ್ದ, 10 ಮೀಟರ್ ಅಗಲ ಸಾಕು, ವಾಲಿಬಾಲಿಗೆ 18 ಮೀಟರ್ ಉದ್ದ, 9 ಮೀಟರ್ ಅಗಲ ಸಾಕು. ಎರಡೂ ಶಾಲೆಯ ಅಂಗಳದಲ್ಲಿ ಹಿಡಿಸುತ್ತವೆ. ಹೀಗಾಗಿ ಈ ಭಾಗದಲ್ಲಿ ಕ್ರೀಡೆಯನ್ನು ಕಲಿಸುವವರೆಂದರೆ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು, ಊರವರ ಮಾತಿನಲ್ಲಿ ಪಿ.ಟಿ. ಮೇಷ್ಟ್ರು, ಅವರ ಹುಡುಗರು ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟದ ಕ್ರೀಡಾಕೂಟಗಳಲ್ಲಿ ಗೆದ್ದು ಬರುವುದು ಹೆಚ್ಚಾಗಿ ಕಬಡ್ಡಿ, ಖೊಖೊ, ವಾಲಿಬಾಲುಗಳಲ್ಲಿ.

ಬೆಂಗಳೂರಿನ ಸ್ಥಿತಿ ಬೇರೆಯಾಗಿತ್ತು. 1809ರಲ್ಲಿ ಬ್ರಿಟಿಷರು ತಮ್ಮ ಸೇನೆಯನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದು, ಪೇಟೆಯ ಪೂರ್ವಕ್ಕೆ ದಂಡು ಪ್ರದೇಶವನ್ನು, ಎಂದರೆ ಸೈನಿಕರ ಬಿಡಾರಗಳೂ ಕವಾಯತಿನ ಬಯಲುಗಳೂ ಇದ್ದ ಪ್ರತ್ಯೇಕ ವಸತಿಯನ್ನು ಕಟ್ಟಿಕೊಂಡ ಮೇಲೆ, ವಿಶಾಲವಾದ ಮಟ್ಟಸ ನೆಲ ಅಲ್ಲಿ ಹೇರಳವಾಗಿ ಉಳಿಯಿತು. ರೆಜಿಮೆಂಟುಗಳ ಸೈನಿಕರು ಅಲ್ಲಿ ಆಡುತ್ತಿದ್ದ ಚೆಂಡಾಟ ಸುತ್ತಲಿನ ಬಡಾವಣೆಗಳಿಗೆ ಹಬ್ಬಿ, ಹಲಸೂರಿನ ಬಳಿಯ ಗೌತಮಪುರ, ಆಸ್ಟಿನ್ ಟೌನ್ ಮುಂತಾದ ಕಡೆ ದುಡಿಯುವ ಜನರ ಮನೆಮನೆಯ ಆಟವಾಯಿತು. ಗೌತಮಪುರದಲ್ಲಿ ಇಂದು ಪೆಲೆಯ ಪ್ರತಿಮೆಯೊಂದು ನಿಂತಿರುವುದು ಆ ಬೆಳವಣಿಗೆಯ ಫಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು, ಅಲ್ಲಿಯವರೆಗೆ ಸೈನಿಕ ತಂಡಗಳ ಸೊತ್ತಿನಂತಿದ್ದ ಆ ಪ್ರಶಸ್ತಿಯನ್ನು, ಗೆದ್ದ ಮೊದಲ ಭಾರತೀಯ ತಂಡವೆನಿಸಿ ಮರುವರ್ಷವೂ ಅದನ್ನು ಉಳಿಸಿಕೊಂಡಿತು. ಮುಂದೆ ಕರ್ನಾಟಕವೆನಿಸಿದ ಮೈಸೂರು ರಾಜ್ಯದ ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 1946–47ರಲ್ಲಿ ಮತ್ತು 1952–53ರಲ್ಲಿ, ಆಮೇಲೆ 1967–68 ಮತ್ತು 1968–69ರಲ್ಲಿ ಸತತವಾಗಿ ಗೆದ್ದಿತು.

ಇಷ್ಟೆಲ್ಲ ಗೆಲುವಿನ ಹಿಂದೆ ಇದ್ದ ಕಲಿಕೆ ಮೈದಾನದ ಕಲಿಕೆಯಾಗಿತ್ತು. ಹಿರಿಯ ಆಟಗಾರರು ಸಂಜೆ ಆಡುವಾಗ ಕಿರಿಯರು ಗೆರೆಯ ಹೊರಗೆ ಕುಳಿತು ನೋಡುವುದು, ಒಬ್ಬ ಕಡಿಮೆ ಬಿದ್ದಾಗ ಒಳಗೆ ಕರೆಸಿಕೊಳ್ಳುವುದು, ತಪ್ಪಿದಾಗ ಬೈಸಿಕೊಳ್ಳುವುದು, ಇದೇ ಕ್ರಮ. ಬರಿಗಾಲಿನಲ್ಲಿ ಚೆಂಡನ್ನು ಹದಕ್ಕೆ ತರುವ ಕೈಚಳಕದಂಥ ಕಾಲ್ಚಳಕ ಈ ಕ್ರಮದಲ್ಲಿ ಅದ್ಭುತವಾಗಿ ಬೆಳೆಯಿತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಮೈಸೂರಿನ ಎಸ್. ರಾಮನ್, ಗೋಲ್‌ಕೀಪರ್ ಕೆ.ವಿ. ವರದರಾಜ್, ಮುಂದೆ ಕೊಲ್ಕತ್ತದ ಈಸ್ಟ್ ಬೆಂಗಾಲ್ ತಂಡದಲ್ಲಿ ಪಂಚಪಾಂಡವರೆಂದು ಹೆಸರಾದ ಐವರು ಮುಂಪಡೆಯವರಲ್ಲಿ ಒಬ್ಬರೆನಿಸಿದ ಅಹ್ಮದ್ ಖಾನ್ ಇದ್ದರು. ಫ್ರಾನ್ಸ್ ವಿರುದ್ಧ 2–1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು, ಒಲಿಂಪಿಕ್ಸ್‌ನಲ್ಲಿ ದೇಶದ ಮೊಟ್ಟಮೊದಲ ಗೋಲು, ರಾಮನ್ ಅವರದು. ಅದಕ್ಕೆ ಒಂದು ವರ್ಷ ಮೊದಲು, 1947ರಲ್ಲಿ, ಯುದ್ಧದಲ್ಲಿ ನೆಲಸಮವಾಗಿದ್ದ ಜರ್ಮನಿಯ ಕಲೋನ್ ನಗರದಲ್ಲಿ ಸೆಪ್ ಹೆರ್ಬರ್ಗರ್ ಎಂಬವರು ಕ್ರೀಡಾ ವಿದ್ಯಾಲಯವೊಂದರೊಳಗೆ ಫುಟ್‌ಬಾಲ್ ಶಿಕ್ಷಕರ ತರಗತಿಯನ್ನು ಆರಂಭಿಸಿದ್ದರು. ತಿನ್ನಲು ಸರಿಯಾಗಿ ರೊಟ್ಟಿ ಸಿಗದ ದಿನಗಳಲ್ಲಿ ಅಲ್ಲಿ ಕಲಿಸುವವರನ್ನು ಕಲಿಸುವ ಏರ್ಪಾಡು ಹುಟ್ಟಿತು. ಒಲಿಂಪಿಕ್ಸ್ ಆಟಗಾರರನ್ನು ಕೊಟ್ಟ ಬೆಂಗಳೂರಿನಲ್ಲಿ ಅಂಥದ್ದು ಹುಟ್ಟಲಿಲ್ಲ. ಎರಡೂ ಕಡೆಯ ಮುಂದಿನ ಚರಿತ್ರೆಯನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿದ್ದು ಈ ವ್ಯತ್ಯಾಸವೇ.

ಬ್ಯಾಕ್ ಆಡುವವನಿಗೂ ಕೋಚ್ ಕೆಲಸಕ್ಕೂ ಇರುವ ನಂಟನ್ನು ತಿಳಿಯಲು ಆ ಸ್ಥಾನದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಂಪಡೆಯವನು ಬಹುಪಾಲು ಹೊತ್ತು ಎದುರಾಳಿಯ ಗೋಲಿನ ಕಡೆಗೆ ಬೆನ್ನು ಮಾಡಿ ಚೆಂಡಿಗಾಗಿ ಕಾಯುತ್ತಾನೆ. ಬ್ಯಾಕ್ ಮಾತ್ರ ಇಡೀ ಅಂಕಣವನ್ನು ತನ್ನ ಕಣ್ಣೆದುರು ಇಟ್ಟುಕೊಂಡು ಆಡುತ್ತಾನೆ. ಜೊತೆಗೆ ಆಫ್‌ಸೈಡ್ ನಿಯಮವಿದೆ: ಚೆಂಡು ತನ್ನ ಕಡೆಗೆ ಹೊರಡುವ ಕ್ಷಣದಲ್ಲಿ ಎದುರಾಳಿಯ ಅರ್ಧ ಅಂಕಣದಲ್ಲಿರುವ ಆಟಗಾರ, ಚೆಂಡಿಗಿಂತಲೂ ಎದುರು ತಂಡದ ಕೊನೆಯಿಂದ ಎರಡನೆಯವನಿಗಿಂತಲೂ ಮುಂದಿದ್ದರೆ ಅದು ತಪ್ಪು. 1925ಕ್ಕೆ ಮೊದಲು ಲೆಕ್ಕಕ್ಕೆ ಬರುತ್ತಿದ್ದವರು ಮೂವರು. ಆ ವರ್ಷ ಇಬ್ಬರಿಗೆ ಇಳಿಸಿದ ಮೇಲೆ ಗೋಲುಗಳು ಹೆಚ್ಚಿ, ಅವನ್ನು ತಡೆಯಲು ಬ್ಯಾಕ್‌ಗಳ ನಡುವೆ ಸ್ಟಾಪರ್ ಎಂಬ ಹೊಸ ಸ್ಥಾನವೇ ಬಂದಿತು. ಈ ನಿಯಮವನ್ನು ಬಲೆಯಾಗಿ ಬಳಸಬೇಕಾದರೆ ಹಿಂದಿನ ಸಾಲಿನ ನಾಲ್ವರೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಟ್ಟಿಗೆ ಮುಂದೆ ಸರಿಯಬೇಕು, ಒಟ್ಟಿಗೆ ಹಿಂದೆ ಸರಿಯಬೇಕು. ಒಬ್ಬ ಅರೆಗಳಿಗೆ ತಡಮಾಡಿದರೂ ಬಲೆ ಹರಿಯುತ್ತದೆ. ಆದ್ದರಿಂದ ನಡುವಿನ ಬ್ಯಾಕ್ ತೊಂಬತ್ತು ನಿಮಿಷವೂ ಕೂಗುತ್ತಲೇ ಇರುತ್ತಾನೆ: ಎಡಗಡೆಯವನನ್ನು ಒಳಗೆ ಕರೆಯುತ್ತಾನೆ, ಬಲಗಡೆಯವನನ್ನು ಹೊರಗೆ ಕಳಿಸುತ್ತಾನೆ, ತನ್ನ ಮುಂದಿನ ಹಾಫ್‌ಬ್ಯಾಕಿಗೆ ಬೆನ್ನ ಹಿಂದೆ ಬರುವವನ ಸುಳಿವು ಕೊಡುತ್ತಾನೆ. ಅಂಕಣದ ಗೆರೆಯ ಹೊರಗೆ ನಿಂತು ಕೋಚ್ ಮಾಡುವ ಕೆಲಸವನ್ನು ಅವನು ಹತ್ತು ಹದಿನೈದು ವರ್ಷ ಗೆರೆಯ ಒಳಗೇ ಮಾಡಿರುತ್ತಾನೆ.

ಭಾರತದಲ್ಲಿ ಈ ಬಗೆಯ ಯೋಚನೆಯನ್ನು ತಂಡಕ್ಕೆ ಕಲಿಸಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದ ಅವರ ಮಾರ್ಗದರ್ಶನದಲ್ಲಿ ದೇಶ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ಗಳ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಹಾಫ್‌ಬ್ಯಾಕ್ ಆಗಿದ್ದರು, ಎಂದರೆ ಬ್ಯಾಕ್‌ಗಳಿಗೂ ಮುಂಪಡೆಗೂ ನಡುವಿನ ಕೊಂಡಿಯಾಗಿದ್ದರು. 1963ರಲ್ಲಿ ರಹೀಂ ತೀರಿಕೊಂಡ ಮೇಲೆ ಅವರ ಪಾಠವನ್ನು ಕಟ್ಟುನಿಟ್ಟಾಗಿ ಮುಂದಿನವರಿಗೆ ದಾಟಿಸುವ ಸಂಸ್ಥೆ ದಕ್ಷಿಣದಲ್ಲಿ ಇರಲಿಲ್ಲ. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತೆರೆದು ಕೋಚ್‌ಗಳಿಗೆ ಡಿಪ್ಲೊಮಾ ಕೊಡತೊಡಗಿದ್ದು ದೊಡ್ಡ ಹೆಜ್ಜೆಯೇ ಆದರೂ, ಅಲ್ಲಿಂದ ಕಲಿತು ಬಂದವನಿಗೆ ಬದುಕು ಕೊಡಬೇಕಾದ ಕ್ಲಬ್ಬುಗಳು ಇನ್ನೂ ಹವ್ಯಾಸಿ ಸಂಘಗಳಾಗಿದ್ದವು.

ಬದುಕು ಕೊಟ್ಟದ್ದು ಕಾರ್ಖಾನೆಗಳು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಹಿಂದೂಸ್ತಾನ್ ಏರೋನಾಟಿಕ್ಸ್ ಮೊದಲಾದ ಸಾರ್ವಜನಿಕ ಉದ್ಯಮಗಳು ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ನೌಕರಿಗೆ ಸೇರಿಸಿಕೊಂಡು ತಮ್ಮದೇ ತಂಡ ಕಟ್ಟಿದವು. ಆಟ ಮುಗಿದ ಮೇಲೂ ನೌಕರಿ ಉಳಿಯುತ್ತದೆ ಎಂಬ ಭರವಸೆಯೇ ಬೆಂಗಳೂರಿನ ಹುಡುಗರನ್ನು ಮೈದಾನದಲ್ಲಿ ಉಳಿಸಿತು. 1977ರಲ್ಲಿ ಮೊದಲ ಫೆಡರೇಷನ್ ಕಪ್ ಪಂದ್ಯಾವಳಿ ಎರ್ನಾಕುಳಂನಲ್ಲಿ ನಡೆದಾಗ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು 1–0ರಿಂದ ಸೋಲಿಸಿ ಕಪ್ ಎತ್ತಿದ್ದು ದೂರವಾಣಿ ಯಂತ್ರ ಮಾಡುವ ಕಾರ್ಖಾನೆಯ ಈ ಐಟಿಐ ತಂಡ. ಅದನ್ನು ಕರ್ನಾಟಕದ ಕ್ರೀಡಾಚರಿತ್ರೆಯ ಅತಿ ದೊಡ್ಡ ಗೆಲುವುಗಳಲ್ಲಿ ಒಂದೆಂದು ಎಣಿಸುವುದು ನ್ಯಾಯ. ಆದರೆ ಅದು ಜನರ ನೆನಪಿನಿಂದ ಬಹುಮಟ್ಟಿಗೆ ಜಾರಿಹೋಗಿದೆ. ಆದರೂ ಈ ವ್ಯವಸ್ಥೆಯೊಳಗೆ ಕೋಚ್ ಆಗುವುದು ಹಿರಿಯ ಆಟಗಾರನಿಗೆ ಸಿಗುವ ಒಂದು ಹೆಚ್ಚುವರಿ ಹೊಣೆಯಾಗಿಯೇ ಉಳಿದು, ಅದಕ್ಕೇ ಮೀಸಲಾದ ಸಂಬಳ, ಅದಕ್ಕೇ ಮೀಸಲಾದ ಕಲಿಕೆ, ಸೋತರೆ ಹುದ್ದೆ ಹೋಗುವ ಅಪಾಯ, ಈ ಮೂರೂ ಇರಲಿಲ್ಲ. ಉದ್ಯಮಗಳು ಹೊಸ ನೇಮಕಾತಿ ಕಡಿಮೆ ಮಾಡಿದಂತೆ ತಂಡಗಳೂ ಸೊರಗಿದವು.

ಇದೇ ಅವಧಿಯಲ್ಲಿ ಜರ್ಮನಿಯಲ್ಲಿ ಬ್ಯಾಕ್‌ನಿಂದ ಕೋಚ್‌ವರೆಗಿನ ದಾರಿ ಎರಡು ಬಗೆಯಲ್ಲಿ ತೆರೆದುಕೊಂಡದ್ದನ್ನು ಇಲ್ಲಿ ನೆನೆಯಬೇಕು. 1945ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಬೆಕೆನ್‌ಬಾವರ್ ಲಿಬೆರೊ ಎಂಬ ಸ್ಥಾನಕ್ಕೆ ಹೊಸ ಅರ್ಥ ಕೊಟ್ಟವರು. ಯಾವ ಒಬ್ಬ ಎದುರಾಳಿಗೂ ಕಟ್ಟುಬೀಳದೆ ಬ್ಯಾಕ್‌ಗಳ ಹಿಂದೆ ನಿಂತು ನುಸುಳಿ ಬಂದದ್ದನ್ನು ತಡೆಯುವವನೇ ಲಿಬೆರೊ. ಅವರು ಹಾಗೆ ತಡೆದ ಚೆಂಡನ್ನು ತಾವೇ ಹೊತ್ತು ಮುಂದೆ ಸಾಗಿ ದಾಳಿಯನ್ನೂ ಆರಂಭಿಸುತ್ತಿದ್ದರು. 1974ರಲ್ಲಿ ನಾಯಕನಾಗಿ ವಿಶ್ವಕಪ್ ಗೆದ್ದ ಅವರನ್ನು 1984ರಲ್ಲಿ ಪಶ್ಚಿಮ ಜರ್ಮನಿ ತಂಡದ ಹೊಣೆಗೆ ಕರೆದಾಗ ಅವರ ಬಳಿ ಕೋಚ್ ಪರವಾನಗಿಯೇ ಇರಲಿಲ್ಲವಾದ್ದರಿಂದ ಜರ್ಮನ್ ಫುಟ್‌ಬಾಲ್ ಸಂಸ್ಥೆ ಅವರಿಗಾಗಿ ತಂಡದ ಮುಖ್ಯಸ್ಥ ಎಂಬ ಬೇರೆ ಹುದ್ದೆಯನ್ನು ಸೃಷ್ಟಿಸಿತು. 1986ರ ಫೈನಲ್‌ನಲ್ಲಿ ಅರ್ಜೆಂಟೀನಕ್ಕೆ 3–2ರಿಂದ ಸೋತು, 1990ರ ಫೈನಲ್‌ನಲ್ಲಿ ಅದೇ ಅರ್ಜೆಂಟೀನವನ್ನು 1–0ರಿಂದ ಮಣಿಸಿ, ಆಟಗಾರನಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದ ವಿರಳ ಪಂಕ್ತಿಗೆ ಅವರು ಸೇರಿದರು. ರೋಮ್‌ನ ಆ ಪಂದ್ಯದ ಒಂದೇ ಗೋಲನ್ನು ಪೆನಾಲ್ಟಿಯಿಂದ ಹೊಡೆದ ಆಂಡ್ರಿಯಾಸ್ ಬ್ರೆಮೆ ಕೂಡ ಎಡಬದಿಯ ಬ್ಯಾಕ್.

ಫೋಗ್ಟ್ಸ್ ಅವರ ದಾರಿ ಬೇರೆ. ಬೆಕೆನ್‌ಬಾವರ್‌ಗಿದ್ದ ಸಹಜ ಸೊಬಗು ಇಲ್ಲದ, ಎತ್ತರವೂ ಇಲ್ಲದ ಈ ಬಲಬದಿಯ ಬ್ಯಾಕ್, ಕಲೋನ್ ತರಗತಿಯ ಹೊಣೆ ಹೊತ್ತಿದ್ದ ಹೆನೆಸ್ ವೈಸ್‌ವೈಲರ್ ಅವರ ಕೈಕೆಳಗೆ ಮೊಂಖೆನ್‌ಗ್ಲಾಡ್‌ಬಾಖ್ ಕ್ಲಬ್ಬಿನಲ್ಲಿ ಬೆಳೆದರು. 1974ರ ಫೈನಲ್‌ನಲ್ಲಿ ಹಾಲೆಂಡಿನ ಯೋಹಾನ್ ಕ್ರೈಫ್ ಅವರನ್ನು ಕಾಯುವ ಕೆಲಸ ಅವರ ಪಾಲಿಗೆ ಬಂದಾಗ, ಜರ್ಮನ್ನರು ಚೆಂಡು ಮುಟ್ಟುವ ಮೊದಲೇ ಕ್ರೈಫ್ ಫೋಗ್ಟ್ಸ್‌ರನ್ನು ದಾಟಿ ನುಗ್ಗಿ ಪೆನಾಲ್ಟಿ ಗಳಿಸಿಕೊಟ್ಟರು, ಇನ್ನು ಕೆಲವೇ ನಿಮಿಷಕ್ಕೆ ಫೋಗ್ಟ್ಸ್‌ಗೆ ಹಳದಿ ಕಾರ್ಡ್ ಬಿದ್ದಿತು; ಅಷ್ಟಾದರೂ ಎದೆಗುಂದದೆ ಉಳಿದ ಪಂದ್ಯದುದ್ದಕ್ಕೂ ನೆರಳಿನಂತೆ ಹಿಂಬಾಲಿಸಿ ಅವರು ಕ್ರೈಫ್ ಆಟವನ್ನು ಕಟ್ಟಿಹಾಕಿದರು, ಜರ್ಮನಿ 2–1ರಿಂದ ಗೆದ್ದಿತು. ಆಟ ಬಿಟ್ಟ ಮೇಲೆ ದಶಕಕ್ಕೂ ಮಿಕ್ಕಿ ಕಿರಿಯರ ತಂಡಗಳನ್ನು ತಿದ್ದುತ್ತ ಮೆಟ್ಟಿಲು ಮೆಟ್ಟಿಲಾಗಿ ಏರಿ, 1990ರಲ್ಲಿ ಬೆಕೆನ್‌ಬಾವರ್ ಬಿಟ್ಟ ಜಾಗಕ್ಕೆ ಬಂದು, 1996ರಲ್ಲಿ ಯುರೋಪ್ ಚಾಂಪಿಯನ್ ಪಟ್ಟ ಗೆದ್ದರು. ಪ್ರತಿಭೆಯ ಬಲದಿಂದ ನೇರವಾಗಿ ಮೇಲೇರುವ ಬೆಕೆನ್‌ಬಾವರ್ ಶತಮಾನಕ್ಕೊಬ್ಬರು. ಒಂದು ನಾಡು ತನ್ನ ಶಾಲೆಗಳಲ್ಲಿ ತಯಾರಿಸಿಕೊಳ್ಳಬಹುದಾದ್ದು ಫೋಗ್ಟ್ಸ್‌ಗಳನ್ನು, ಬೆಂಗಳೂರಿಗೆ ಕೊರತೆಯಾದದ್ದೂ ಅಂಥವರದೇ.

ಆ ಕೊರತೆ ನೀಗತೊಡಗಿದ್ದು 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕ್ಲಬ್ಬನ್ನು ಆರಂಭಿಸಿ ಆಶ್ಲಿ ವೆಸ್ಟ್‌ವುಡ್ ಅವರನ್ನು ಮುಖ್ಯ ಕೋಚ್ ಆಗಿ ಕರೆತಂದಾಗ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಕಲಿತು, ಅದರ ಹಿರಿಯರ ತಂಡದಲ್ಲಿ ಜಾಗ ಸಿಗದೆ, ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ ಮುಂತಾದ ಕ್ಲಬ್ಬುಗಳಲ್ಲಿ ನಡುವಿನ ಬ್ಯಾಕ್ ಆಗಿ ದುಡಿದ ಅವರಿಗೆ ಆಗ 37 ವರ್ಷವೂ ತುಂಬಿರಲಿಲ್ಲ. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಸಹಾಯಕನಾಗಿದ್ದುದೇ ಅನುಭವ. ಅವರು ಮೊದಲು ಕಟ್ಟಿದ್ದು ಹಿಂದಿನ ಸಾಲನ್ನು. ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯದ ಕರ್ಟಿಸ್ ಒಸಾನೊ ಎಂಬ ಇಬ್ಬರು ವಿದೇಶಿ ಬ್ಯಾಕ್‌ಗಳ ಮೇಲೆ ತಂಡವನ್ನು ನಿಲ್ಲಿಸಿ, ಮುಂಪಡೆಯ ಸುನಿಲ್ ಚೆಟ್ರಿಯವರಿಗೆ ಆಡುವ ಸ್ವಾತಂತ್ರ್ಯ ಕೊಟ್ಟು, ದೇಹದಾರ್ಢ್ಯ, ಆಹಾರ, ಎದುರಾಳಿಯ ಆಟದ ವಿಶ್ಲೇಷಣೆಗಳನ್ನು ದಿನನಿತ್ಯದ ಶಿಸ್ತಾಗಿ ಮಾಡಿದರು. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ಜೊತೆ 1–1ರ ಸಮದಿಂದ ಆರಂಭಿಸಿದ ಹೊಸ ತಂಡ, 2014ರ ಏಪ್ರಿಲ್‌ನಲ್ಲಿ ಗೋವೆಯಲ್ಲಿ ಡೆಂಪೊ ವಿರುದ್ಧ 4–2ರಿಂದ ಗೆದ್ದು, ಕಾಲಿಟ್ಟ ವರ್ಷವೇ ದೇಶದ ಆಗಿನ ಪ್ರಮುಖ ಲೀಗ್ ಆದ ಐ–ಲೀಗ್‌ನ ಚಾಂಪಿಯನ್ ಆಯಿತು.

2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಪಂದ್ಯ ಈ ಕಸುಬಿನ ಕಷ್ಟವನ್ನು ತೋರಿಸುತ್ತದೆ. ಪಟ್ಟ ಉಳಿಸಿಕೊಳ್ಳಲು ಬೆಂಗಳೂರಿಗೆ ಗೆಲುವು ಬೇಕಿತ್ತು, ಮೋಹನ್ ಬಾಗಾನ್‌ಗೆ ಸಮ ಸಾಕಿತ್ತು. ಮಳೆಯಲ್ಲಿ ನೆನೆದ ಅಂಕಣದ ಮೇಲೆ ಬ್ಯಾಕ್ ಜಾನ್ಸನ್ ಮೊದಲಾರ್ಧದಲ್ಲೇ ಗೋಲು ಹೊಡೆದು ಮುನ್ನಡೆ ಕೊಟ್ಟರೂ, 87ನೆಯ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಬಾಗಾನ್‌ನ ಬ್ಯಾಕ್ ಬೆಲ್ಲೊ ರಜಾಕ್ ತಲೆಕೊಟ್ಟು ಅದನ್ನು ಗೋಲಿಗೆ ಕಳಿಸಿದಾಗ ವರ್ಷದ ದುಡಿಮೆ ಕೈತಪ್ಪಿತು. ಕಾರ್ನರ್ ಎಂದರೆ ಅಂಕಣದ ಮೂಲೆಯಿಂದ ಒದೆಯುವ ಅವಕಾಶ. ಆಗ ಎತ್ತರದ ಬ್ಯಾಕ್‌ಗಳು ತಮ್ಮ ಜಾಗ ಬಿಟ್ಟು ಎದುರಾಳಿಯ ಗೋಲಿನ ಮುಂದೆ ನೆರೆಯುತ್ತಾರೆ, ಯಾರು ಯಾರನ್ನು ಹಿಡಿಯಬೇಕೆಂಬುದು ವಾರವಿಡೀ ಅಭ್ಯಾಸ ಮಾಡಿಸಿದ ಪಾಠವಾಗಿರುತ್ತದೆ. ವೆಸ್ಟ್‌ವುಡ್ ಧೃತಿಗೆಡದೆ ಮರುವರ್ಷ, 2015–16ರಲ್ಲಿ, ಅದೇ ಪಟ್ಟವನ್ನು ಮತ್ತೆ ಗೆದ್ದುಕೊಟ್ಟು ಕ್ಲಬ್ಬನ್ನು ಬಿಟ್ಟರು.

ವೆಸ್ಟ್‌ವುಡ್ ನಂತರ ಮುಖ್ಯ ಕೋಚ್ ಆದ ಆಲ್ಬರ್ಟ್ ರೋಕಾ ಅವರ ಕಾಲದಲ್ಲಿ ಬೆಂಗಳೂರು 2016ರಲ್ಲಿ ಏಷ್ಯದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಅವರ ಸಹಾಯಕರಾಗಿದ್ದು 2018ರಲ್ಲಿ ಮುಖ್ಯ ಕೋಚ್ ಆದ ಕಾರ್ಲೆಸ್ ಕ್ವಾದ್ರಾತ್ ಬಾರ್ಸಿಲೋನ ಕ್ಲಬ್ಬಿನ ಕಿರಿಯರ ವಿಭಾಗದಲ್ಲಿ ಬ್ಯಾಕ್ ಆಗಿ ಬೆಳೆದವರು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಗೋವಾ ಜೊತೆ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋದ ಪಂದ್ಯವನ್ನು 117ನೆಯ ನಿಮಿಷದಲ್ಲಿ ತೀರ್ಮಾನಿಸಿದ್ದು ಡಿಮಾಸ್ ಡೆಲ್ಗಾಡೊ ಒದೆದ ಕಾರ್ನರ್‌ಗೆ ಬ್ಯಾಕ್ ರಾಹುಲ್ ಭೆಕೆ ಕೊಟ್ಟ ತಲೆ; ನಾಲ್ಕು ವರ್ಷ ಹಿಂದೆ ಪಟ್ಟ ಕಸಿದಂಥದೇ ಚೆಂಡು ಈ ಸಲ ಪಟ್ಟ ತಂದಿತು. 2021ರ ಜನವರಿಯಲ್ಲಿ ಕ್ವಾದ್ರಾತ್ ನಿರ್ಗಮಿಸಿದಾಗ ತಾತ್ಕಾಲಿಕವಾಗಿ ತಂಡವನ್ನು ವಹಿಸಿಕೊಂಡವರು ಭಾರತ ತಂಡದ ಮಾಜಿ ಬ್ಯಾಕ್ ನೌಶಾದ್ ಮೂಸಾ. ಕ್ಲಬ್ಬಿನ ಮೀಸಲು ತಂಡದಲ್ಲಿ ಕಿರಿಯರನ್ನು ವರ್ಷಗಟ್ಟಲೆ ತಿದ್ದಿದ ಅವರ ಕೆಲಸ ಫೋಗ್ಟ್ಸ್ ಮಾದರಿಗೆ ಇಲ್ಲಿ ಸಿಗುವ ಅತಿ ಹತ್ತಿರದ ಹೋಲಿಕೆ.

ಅದಾದ ಮೇಲೆ ಬಂದವರು ಜರ್ಮನಿಯವರೇ ಆದ ಮಾರ್ಕೊ ಪೆಜ್ಜಾಯುವೊಲಿ. ಆಟಗಾರರಾಗಿ ದೊಡ್ಡ ಹೆಸರಿಲ್ಲದ, ಜರ್ಮನ್ ಕೋಚ್ ಶಿಕ್ಷಣದ ಕೂಸೆಂದೇ ಹೇಳಬಹುದಾದ ಇವರು 2009ರಲ್ಲಿ ತಮ್ಮ ದೇಶದ 17 ವರ್ಷದೊಳಗಿನವರ ತಂಡಕ್ಕೆ ಯುರೋಪ್ ಪಟ್ಟ ಗೆದ್ದುಕೊಟ್ಟವರು. ಆ ತಂಡದಲ್ಲಿದ್ದ ಮಾರಿಯೊ ಗೋಟ್ಸೆ ಐದು ವರ್ಷದ ನಂತರ ವಿಶ್ವಕಪ್ ಫೈನಲ್‌ನ ಗೋಲು ಹೊಡೆದರು. ಕೋವಿಡ್ ಕಾಲದಲ್ಲಿ, ಗೋವೆಯ ಖಾಲಿ ಕ್ರೀಡಾಂಗಣಗಳಲ್ಲಿ ನಡೆದ 2021–22ರ ಲೀಗ್‌ನಲ್ಲಿ ಬೆಂಗಳೂರು ಆರನೆಯ ಸ್ಥಾನಕ್ಕೆ ನಿಂತದ್ದರಿಂದ ಅವರ ಅವಧಿಯನ್ನು ವಿಫಲವೆಂದು ಬರೆಯುವುದು ವಾಡಿಕೆ. ಅದು ಪೂರ್ತಿ ಸರಿಯಲ್ಲ. ಆ ಋತುವಿನಲ್ಲಿ ಎಡಬದಿಯ ಬ್ಯಾಕ್ ಆಗಿ ಆಡಿದ ಯುವಕ ರೋಷನ್ ಸಿಂಗ್ ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು, ಮತ್ತು ಕಿರಿಯರನ್ನು ಬೆಳೆಸುವ ಕೋಚ್‌ನ ಕೆಲಸವನ್ನು ಒಂದು ಋತುವಿನ ಅಂಕಪಟ್ಟಿಯಿಂದ ಅಳೆಯಲಾಗದು. 2022ರಲ್ಲಿ ಅವರ ಜಾಗಕ್ಕೆ ಬಂದ ಇಂಗ್ಲೆಂಡಿನ ಮಾಜಿ ಬ್ಯಾಕ್ ಸೈಮನ್ ಗ್ರೇಸನ್ ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ದರು.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮರಳಿ ಪಡೆದಾಗ ತಂಡದ ಕೋಚ್ ಆಗಿದ್ದವರು ರವಿಬಾಬು ರಾಜು. ದೊಡ್ಡ ಕ್ಲಬ್ಬಿನ ವಿದೇಶಿ ಕೋಚ್‌ಗಳಿಗೆ ಸಿಕ್ಕ ಪ್ರಚಾರದ ಒಂದಂಶವೂ ಈ ಗೆಲುವಿಗೆ ಸಿಗದೆ ಹೋದದ್ದು ವಿಷಾದದ ಸಂಗತಿ. ಇಂದು ಈ ಕಸುಬಿಗೆ ಸೇರಬಯಸುವವರಿಗೆ ಡಿ, ಸಿ, ಬಿ, ಎ ಮತ್ತು ಪ್ರೊ ಎಂಬ ಪರವಾನಗಿಗಳ ಮೆಟ್ಟಿಲುಗಳಿದ್ದು, ಇವುಗಳಲ್ಲಿ ಕೆಳಗಿನದಾದ ಡಿ ಪರವಾನಗಿಯ ತರಗತಿ ಮಕ್ಕಳಿಗೆ ಆಟದ ಮೊದಲ ಪಾಠ ಹೇಳುವವರಿಗಾಗಿಯೇ ಇರುವಂಥದು. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ನಡೆದಿರುವುದರಿಂದ ಈ ಆಟದ ಕಲಿಕೆ ರಾಜಧಾನಿಯ ದಂಡು ಪ್ರದೇಶವನ್ನು ದಾಟಿ ಒಳನಾಡಿಗೆ ಕಾಲಿಟ್ಟಂತಾಗಿದೆ. ತೆಂಗಿನ ಸೀಮೆಯಲ್ಲಿ ಬೇಸಿಗೆಗೆ ಕೆರೆಯ ಅಂಗಳ ಒಣಗಿದಾಗ ಸಿಗುವ ಬಯಲು ಅಂತರರಾಷ್ಟ್ರೀಯ ಅಳತೆಗೆ ಬಾರದಿದ್ದರೂ, ಚಿಕ್ಕ ಮಕ್ಕಳ ಪಂದ್ಯಗಳನ್ನು ಕಡಿಮೆ ಆಟಗಾರರೊಂದಿಗೆ ಪುಟ್ಟ ಅಂಕಣದಲ್ಲಿ ಆಡಿಸುವ ಪದ್ಧತಿ ಈಗ ಎಲ್ಲೆಡೆ ಇರುವುದರಿಂದ ಅಷ್ಟು ನೆಲ ಸಾಲುತ್ತದೆ. ತುರುವೇಕೆರೆ ತಾಲ್ಲೂಕಿನ ಪಿ.ಟಿ. ಮೇಷ್ಟ್ರುಗಳಲ್ಲಿ ಕೆಲವರಿಗಾದರೂ ಆ ಮೊದಲ ಪರವಾನಗಿಯ ತರಗತಿಯನ್ನು ತುಮಕೂರಿನಲ್ಲೇ ಏರ್ಪಡಿಸುವ ಕೆಲಸವನ್ನು ರಾಜ್ಯ ಫುಟ್‌ಬಾಲ್ ಸಂಸ್ಥೆಯೂ ಶಿಕ್ಷಣ ಇಲಾಖೆಯೂ ಒಟ್ಟಾಗಿ ಕೈಗೆತ್ತಿಕೊಳ್ಳಬೇಕಾಗಿದೆ.